ಭಾನುವಾರಕ್ಕೆ ನಿಮ್ಮ ಇಷ್ಟದ ಸಮೀಕರಣ ತನ್ನಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಗ್ಗೆ 8ಕ್ಕೆ ಹಾಸನದ ಮಹಾರಾಜ ಪಾರ್ಕಿನಲ್ಲಿ ಸೇರೋಣ. ಪ್ರತಿಯೊಬ್ಬರೂ ಒಂದು ಇಷ್ಟದ ಫಂಕ್ಷನ್ ಅಥವಾ ಸಮೀಕರಣ ತರಬೇಕು. ಯಾಕೆ ಇಷ್ಟ ಅನ್ನೋದಷ್ಟೇ ಹೇಳಿ, ಪ್ರೂಫ್ ಬೇಡ.

ಆಯ್ಲರ್ ಸಮೀಕರಣ ನಂದು ಅಂತ ಈಗಾಗಲೇ ನಾಲ್ಕು ಜನ ಹೇಳಿದ್ದಾರೆ. e^(iπ) + 1 = 0 ಅಂತ ಇ, ಐ, ಪೈ, ಒಂದು, ಸೊನ್ನೆ ಐದೂ ಒಂದೇ ಸಾಲಲ್ಲಿ ಬರುತ್ತವೆ, ಚೆಂದವೇ. ಆದರೆ ಒಬ್ಬರು ಸಾಕು, ಉಳಿದವರು ಬೇರೆ ಹುಡುಕಿ.

ನನ್ನದು ಕೊಸೈನ್, ಅಂದರೆ ಕ್ಯಾಲ್ಕುಲೇಟರಿನ cos ಬಟನ್. ಕ್ಯಾಲ್ಕುಲೇಟರನ್ನು ರೇಡಿಯನ್‌ಗೆ (ಡಿಗ್ರಿಯ ಹಾಗೆ ಕೋನ ಅಳೆಯುವ ಇನ್ನೊಂದು ಮಾನ) ಹಾಕಿ. ಯಾವುದಾದರೂ ಸಂಖ್ಯೆಯ ಕೊಸೈನ್ ತೆಗೆಯಿರಿ. ಬಂದ ಉತ್ತರಕ್ಕೆ ಮತ್ತೆ ಕೊಸೈನ್, ಮತ್ತೆ ಕೊಸೈನ್, ಸುಮ್ನೆ ಒತ್ತುತ್ತಾ ಇರಿ. 1ರಿಂದ ಶುರು ಮಾಡಿದರೆ 0.540, 0.858, 0.654, 0.793 ಅಂತ ಮೇಲೆ ಕೆಳಗೆ ಓಲಾಡಿ ಕೊನೆಗೆ 0.739085ಕ್ಕೆ ಬಂದು ನಿಂತುಬಿಡುತ್ತದೆ. 1000ದಿಂದ ಹೊರಟರೂ ಅಲ್ಲಿಗೇ! ಆ ಸಂಖ್ಯೆಯ ಕೊಸೈನ್ ಅದೇ ಸಂಖ್ಯೆ, ಹಾಗಾಗಿ ಮುಂದೆ ಹೋಗೋಕೆ ದಾರಿಯಿಲ್ಲ. ಡಿಗ್ರಿಯಲ್ಲಿಟ್ಟರೆ 0.9998ರ ಹತ್ತಿರ ನಿಲ್ಲುತ್ತದೆ. ಅದರಲ್ಲಿ ಅಷ್ಟು ಮಜಾ ಇಲ್ಲ.

ಸಕಲೇಶಪುರದ ಕಡೆಯಿಂದ ಬರುವವರು ದಾರಿಯಲ್ಲಿ ಜೋತುಬಿದ್ದ ಕರೆಂಟ್ ತಂತಿ ನೋಡಿ. ಪ್ಯಾರಾಬೋಲಾ (ಎಸೆದ ಕಲ್ಲು ಸಾಗುವ ಬಾಗು) ಥರ ಕಾಣುತ್ತದೆ, ಅಲ್ವಾ? ಆದರೆ ಅದು ಕ್ಯಾಟನರಿ, ಎರಡು ತುದಿ ಹಿಡಿದು ಇಳಿಬಿಟ್ಟ ಸರಪಳಿ ತಾಳುವ ಆಕಾರ. 1691ರಲ್ಲಿ ಹೈಗೆನ್ಸ್, ಲೈಬ್ನಿಟ್ಸ್, ಯೋಹಾನ್ ಬರ್ನೂಲಿ ಎಂಬ ಮೂವರು ಗಣಿತಜ್ಞರೂ ಬಿಡಿಸಿ ತೋರಿಸಿದ ಲೆಕ್ಕ. ಯಾರಾದರೂ ಇದನ್ನು ತಂದರೆ ನನಗಂತೂ ಖುಷಿ. ಜೊತೆಗೆ ಒಂದು ತೆಳು ಸರಪಳಿ ಇರಲಿ, ಹಿಡಿದು ನೋಡಬಹುದು.

ಫಾರ್ವರ್ಡ್ ಚಿತ್ರ ಹಾಕಬೇಡಿ. ಕೈಯಲ್ಲೇ ಬರೆದು ಶನಿವಾರ ರಾತ್ರಿಯೊಳಗೆ ಫೋಟೋ ಕಳಿಸಿ. ಮಳೆ ಜಾಸ್ತಿಯಾದರೆ ಬೇರೆ ಜಾಗ ಇಲ್ಲೇ ತಿಳಿಸುತ್ತೇನೆ.