ಮಂಜು ಮುಸುಕಿದ್ದಕ್ಕೂ ನಾವೇ ಹೊಣೆಯಾ?

ಮಾನ್ಯರೇ,

ಭಾನುವಾರ ಜೋಗದಲ್ಲಿ ನಡೆದ ಗಲಾಟೆ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ‘ವ್ಯಾಪಾರಿ, ಪ್ರವಾಸಿಗರ ನಡುವೆ ಮಾತಿನ ಚಕಮಕಿ’ ಅಂತ ಬಂದಿದೆ. ಆ ವ್ಯಾಪಾರಿ ನಾನೇ. ಚಕಮಕಿ ಅನ್ನಬೇಕಾದರೆ ಎರಡು ಕಡೆಯವರೂ ಮಾತಾಡಿರಬೇಕು, ಅಲ್ವಾ? ಮಾತೆಲ್ಲ ಅವರದ್ದೇ. ನಾನು ಕೇಳಿದ್ದು ಎಂಟು ತೆನೆ ಜೋಳದ 320 ರೂಪಾಯಿ, ಅಷ್ಟೇ.

ಅವತ್ತು ಬೆಳಿಗ್ಗೆಯಿಂದ ಜಡಿಮಳೆ. ಕಣಿವೆ ತುಂಬ ಮಂಜು. ರಾಜನೂ ಇಲ್ಲ, ರಾಣಿಯೂ ಇಲ್ಲ, ರೋರರ್ ರಾಕೆಟ್ ಯಾವುದೂ ಇಲ್ಲ, ಬರೀ ಸದ್ದು. ಒಂದು ಟಿಟಿ ಗಾಡಿಯಿಂದ ಎಂಟ್ಹತ್ತು ಹುಡುಗರು ಇಳಿದು ಅರ್ಧ ಗಂಟೆ ನನ್ನ ಟಾರ್ಪಾಲಿನ ಕೆಳಗೇ ನಿಂತರು. ಉಪ್ಪು ಜಾಸ್ತಿ ಹಾಕು, ಖಾರ ಕಮ್ಮಿ ಮಾಡು, ಇದು ಸೀದಿದೆ ಬೇರೆ ಕೊಡು ಅಂತ ಹೇಳಿ ಹೇಳಿ ತಿಂದರು. ದುಡ್ಡು ಕೇಳಿದ ಕೂಡಲೇ ಒಬ್ಬನಿಗೆ ಫಾಲ್ಸ್ ನೆನಪಾಯಿತು. ‘ಫಾಲ್ಸೇ ಕಾಣಿಸಿಲ್ಲ, ನಿನಗ್ಯಾಕೆ ದುಡ್ಡು?’ ಅಂದ. ಆ ಮಂಜನ್ನು ನಾನೇ ಬೆಳಿಗ್ಗೆ ಮನೆಯಿಂದ ಬುಟ್ಟಿಯಲ್ಲಿ ಹೊತ್ತು ತಂದು ಸುರಿದ ಹಾಗೆ!

ಸ್ವಲ್ಪ ಕಾಯಿರಿ, ಗಾಳಿ ಬಂದರೆ ಸರಿಯುತ್ತದೆ ಅಂದೆ. ‘ಇಲ್ಲಿ ಎಷ್ಟು ಗಂಟೆಗೆ ಆನ್ ಮಾಡ್ತಾರೆ?’ ಅಂತ ಇನ್ನೊಬ್ಬ. ಮೇಲಿನ ಲಿಂಗನಮಕ್ಕಿ ಅಣೆಕಟ್ಟು ತುಂಬಿ 1,819 ಅಡಿ ಹತ್ತಿರ ಬಂದರೆ ಗೇಟು ತೆಗೆಯುತ್ತಾರೆ, ಅದು ನಿಜ. ಮಂಜಿಗೆ ಎಲ್ಲಿಂದ ತರೋಣ ಗೇಟು? ಇಷ್ಟಕ್ಕೇ ಏಕವಚನ ಶುರುವಾಯಿತು. ಆಂಟಿ ಅಂದರೆ ನನಗೇನೂ ಬೇಸರವಿಲ್ಲ, ಅಭ್ಯಾಸವಾಗಿದೆ. ‘ಏಯ್’ ಅಂದರೆ ಮಾತ್ರ ಮೈ ಉರಿಯುತ್ತದೆ. ಕೊನೆಗೆ ಒಬ್ಬ ತಿಂದ ದಿಂಡನ್ನು ನನ್ನ ಒಲೆಗೇ ಎಸೆದ. ಕೆಂಡ ಹಾರಿ ಸೆರಗಿಗೆ ತೂತು ಬಿತ್ತು. ಇನ್ನೊಬ್ಬ ಅದನ್ನು ನಗುತ್ತಾ ವಿಡಿಯೊ ಮಾಡುತ್ತಿದ್ದ. 200 ರೂಪಾಯಿ ಬಿಸಾಕಿ ಹೋದರು. ಅದರಲ್ಲೂ ಒಂದು ಹರಿದ ನೋಟು.

ಇಷ್ಟೂ ಹೊತ್ತು ಅವರ ಗಾಡಿ ರಸ್ತೆಗೆ ಅಡ್ಡ. ಹಿಂದೆ ಸಾಲು ಕಟ್ಟಿತು. ಸಂಜೆ ನನ್ನ ಬಸ್ಸು ಆ ಸಾಲಿನಲ್ಲೇ ಸಿಕ್ಕಿಕೊಂಡು ನಾನು ಮನೆ ಮುಟ್ಟುವಾಗ ರಾತ್ರಿ ಒಂಬತ್ತು. ಹಾಲು ಕರೆಯುವವರಿಲ್ಲದೆ ಹಸು ಕೂಗುತ್ತಿತ್ತು. ಇದ್ದಿಲೆಲ್ಲ ಒದ್ದೆಯಾಗಿ ಮರುದಿನದ ವ್ಯಾಪಾರವೂ ಹೋಯಿತು. ನಿಮ್ಮ ವರದಿಯಲ್ಲಿ ‘ಪ್ರವಾಸಿಗರಿಗೆ ಕಿರಿಕಿರಿ’ ಅಂತ ಇದೆ. ಇರಲಿ ಬಿಡಿ.

ನಾನೇನು ವರ್ಷವಿಡೀ ಅಲ್ಲಿ ಕೂರುವವಳಲ್ಲ. ಮಳೆಗಾಲದ ಮೂರು ತಿಂಗಳು ಜೋಳ ಸುಡುತ್ತೇನೆ. ಕೊನೆಕೊಯ್ಲು ಶುರುವಾದರೆ ಅಡಿಕೆ ಸುಲಿಯಲು ಹೋಗುತ್ತೇನೆ. ಅಡಿಕೆ ಬೈಯುವುದಿಲ್ಲ. ಎಲ್ಲ ಪ್ರವಾಸಿಗರೂ ಹೀಗೆ ಅಂತ ಹೇಳುತ್ತಿಲ್ಲ. ಹಾವೇರಿ ಕಡೆಯ ಒಬ್ಬ ಅಜ್ಜಿ ಹೋದ ವಾರ ತಾನೇ ಕೂತು ನನ್ನ ಒಲೆ ಊದಿಕೊಟ್ಟಳು. ಆದರೆ ಅಂಥವರು ಭಾನುವಾರ ಬರುವುದಿಲ್ಲ.

2025ರ ಜುಲೈನಲ್ಲಿ ಸಿಗಂದೂರಿನ ಸೇತುವೆ ಆಯಿತು. ಸಂತೋಷವೇ, ಲಾಂಚಿಗೆ ಕಾಯುವುದು ತಪ್ಪಿತು. ಈಗ ದೇವಿಯ ದರ್ಶನ ಮುಗಿಸಿ ಮಧ್ಯಾಹ್ನಕ್ಕೆ ಎಲ್ಲರೂ ಜೋಗದಲ್ಲಿ. ಅಷ್ಟು ಜನಕ್ಕೆ ಒಬ್ಬ ಪೊಲೀಸಪ್ಪನಾದರೂ ಬೇಡವಾ? ಮಂತ್ರಿಗಳು ಬಂದ ದಿನ ಮಾತ್ರ ಎಲ್ಲಿಂದ ಬರುತ್ತಾರೋ, ನಮ್ಮ ಕೊಡೆಯನ್ನೂ ಎತ್ತಿಸುತ್ತಾರೆ. ಅದೇ ವರ್ಷ ಜನವರಿಯಿಂದ ಕೆಲವು ತಿಂಗಳು ಅಭಿವೃದ್ಧಿ ಅಂತ ಜೋಗಕ್ಕೆ ಒಳಗೆ ಬಿಡುವ ಗೇಟು ಬಂದ್ ಮಾಡಿದ್ದರು. ಅದಕ್ಕೂ ಮುಂಚೆ ವರ್ಷವಿಡೀ ಜೋಗ ಧುಮುಕಿಸುತ್ತೇವೆ ಅಂದಿದ್ದರು. ಆ ಹುಡುಗರು ಆನ್ ಮಾಡಿ ಅಂತ ಕೇಳಿದ್ದು ಸುಮ್ನೆ ಅಲ್ಲ, ಹೇಳಿಕೊಟ್ಟವರು ಇದ್ದಾರೆ.

ಹೇಳಲು ಹೋದರೆ ಮುಗಿಯುವುದಿಲ್ಲ. ಲಿಂಗನಮಕ್ಕಿ ಕಟ್ಟಿದ್ದು 1964ರಲ್ಲಿ. ನಮ್ಮ ಅಜ್ಜನ ಗದ್ದೆ ಆ ನೀರಿನಡಿ ಇದೆ. ನಾಡಿಗೆಲ್ಲ ಕರೆಂಟು ಹೋಯಿತು, ನಮಗೆ ಮಳೆಗಾಲದಲ್ಲಿ ಮೂರು ದಿನಕ್ಕೊಮ್ಮೆ ಬಂದರೆ ಪುಣ್ಯ. ನಾವಿರುವ ಜಾಗಕ್ಕೆ ಇವತ್ತಿಗೂ ಹಕ್ಕುಪತ್ರವಿಲ್ಲ. ಅರ್ಜಿ ಹಿಡಿದುಕೊಂಡು ಹೋದರೆ ಸಾಹೇಬರು ಮೀಟಿಂಗಿನಲ್ಲಿರುತ್ತಾರೆ. ಅರ್ಧ ಗಂಟೆ ಮಂಜು ಸರಿಯಲಿಲ್ಲ ಅಂತ ಆ ಹುಡುಗನಿಗೆ ಅಷ್ಟು ಸಿಟ್ಟು. ನಾವು ಅರವತ್ತು ವರ್ಷದಿಂದ ಕಾಯುತ್ತಿದ್ದೇವೆ, ಯಾರ ಒಲೆಗೂ ದಿಂಡು ಎಸೆದಿಲ್ಲ.

ಆದ್ದರಿಂದ ಸಂಬಂಧಪಟ್ಟವರು ಭಾನುವಾರವಾದರೂ ಪೊಲೀಸರನ್ನು ಹಾಕಬೇಕು. ಇಲ್ಲವೇ ‘ಮಂಜಿಗೆ ಯಾರೂ ಹೊಣೆಯಲ್ಲ’ ಅಂತ ಗೇಟಿನಲ್ಲಿ ದೊಡ್ಡದಾಗಿ ಬೋರ್ಡು ಹಾಕಿಸಲಿ. ಗಾಡಿಗಳನ್ನು ಕಮ್ಮಿ ಮಾಡಿ ಅನ್ನೋಣವೆಂದರೆ ನಮ್ಮ ಹೊಟ್ಟೆಪಾಡೂ ಅದರಲ್ಲೇ ಇದೆ. ಅದು ಮಾತ್ರ ಬೇಡ. ಉಳಿದದ್ದು ಏನಾದರೂ ಮಾಡಲಿ, ಸಂಬಳ ತಗೊಳ್ಳುವುದು ಅದಕ್ಕೇ ತಾನೇ?

120 ರೂಪಾಯಿ ಬಾಕಿ ಇದೆ. ಆ ಹುಡುಗರು ಪತ್ರಿಕೆ ಓದುವವರಾದರೆ ಕೊಟ್ಟು ಹೋಗಲಿ. ಹರಿದ ನೋಟನ್ನೂ ಬದಲಿಸಿಕೊಡಲಿ.

ಜೋಳದಂಗಡಿಯವಳು, ಜೋಗ
(ಹೆಸರು ಹಾಕಬೇಡಿ. ನಾಳೆಯೂ ನಾನು ಅಲ್ಲೇ ಕೂರಬೇಕು.)