ಹಳೆಯ ಕಾರಿಗೆ ಸಾಲವಿದೆ, ಹಳೆಯ ಜೆರಾಕ್ಸ್ ಯಂತ್ರಕ್ಕಿಲ್ಲ: ಹಣಕಾಸು ಸಚಿವರಿಗೆ ಡೊಂಬಿವಲಿಯಿಂದ ಬಹಿರಂಗ ಪತ್ರ

ಮಾನ್ಯ ಕೇಂದ್ರ ಹಣಕಾಸು ಸಚಿವರಿಗೆ ನಮಸ್ಕಾರಗಳು.

ನೀವು ರಾಜ್ಯಸಭೆಯಲ್ಲಿ ಕರ್ನಾಟಕವನ್ನು ಪ್ರತಿನಿಧಿಸುವವರು. ನಾನು ಉಡುಪಿ ಕಡೆಯವನು. 22 ವರ್ಷಗಳಿಂದ ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ನಡೆಸುತ್ತಿದ್ದೇನೆ. ಆ ಸಲುಗೆಯಿಂದಲೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓದಿ ಹೇಳುವವರು ನಿಮ್ಮ ಕಚೇರಿಯಲ್ಲಿ ಒಬ್ಬರಾದರೂ ಇರಬಹುದು.

ಕೇಳುವುದು ಇಷ್ಟೇ. ಬಳಸಿದ ಕಚೇರಿ ಯಂತ್ರ ಕೊಳ್ಳುವುದಕ್ಕೂ ಸಣ್ಣ ವ್ಯಾಪಾರಿಗಳಿಗೆಂದಿರುವ ಮುದ್ರಾ ಸಾಲ ಕೊಡಬೇಕೆಂದು ಬ್ಯಾಂಕುಗಳಿಗೆ ಸ್ಪಷ್ಟವಾಗಿ ಬರೆಯಿರಿ.

ಕಳೆದ ಮೇ ಕೊನೆಯಲ್ಲಿ ನನ್ನ ಯಂತ್ರ ನಿಂತುಹೋಯಿತು. ಜೂನ್ ಎಂದರೆ ಶಾಲಾ ಪ್ರವೇಶದ ತಿಂಗಳು, ನಮಗೆ ಅದೇ ಸುಗ್ಗಿ. ಹೊಸದಕ್ಕೆ 2,10,000 ರೂಪಾಯಿ ಎಂದರು. ಮುಂಬೈನ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಬಳಸಿದ ಯಂತ್ರವೊಂದು 78,000ಕ್ಕೆ ಸಿಕ್ಕಿತು. ಡ್ರಮ್ ಹೊಸದು, ಆರು ತಿಂಗಳ ಗ್ಯಾರಂಟಿ, ಮೀಟರಿನಲ್ಲಿ 1,40,000 ಪ್ರತಿ. ನಮ್ಮ ಕಸುಬಿನಲ್ಲಿ ಅದು ಇನ್ನೂ ಯೌವನ. ಕೈಯಲ್ಲಿ 20,000 ಇತ್ತು. ಉಳಿದ 58,000ಕ್ಕೆ ಬ್ಯಾಂಕಿಗೆ ಹೋದೆ. 50,000 ದಾಟಿದ ಕಾರಣ ಅದು ಮುದ್ರಾ ಸಾಲದ ಕಿಶೋರ್ ವರ್ಗಕ್ಕೆ ಸೇರುತ್ತದೆ, ಅದು ನಿಮಗೆ ಗೊತ್ತಿರುವ ವಿಷಯವೇ.

ಶಾಖಾ ವ್ಯವಸ್ಥಾಪಕರು ಕೊಟೇಶನ್ ಓದದೆಯೇ, ಎಲ್ಲ ದಾಖಲೆಗಳ ಎರಡು ಸೆಟ್ ಜೆರಾಕ್ಸ್ ತನ್ನಿ ಎಂದರು. ಆ ಶಾಖೆಯ ಸ್ವಂತ ಯಂತ್ರ ಸರಿಯಿದ್ದುದನ್ನು ನಾನು ಕಂಡಿಲ್ಲ. ಹೊರಗೆ ನಿಂತಿದ್ದ ಹೊಸ ಕಾವಲುಗಾರ ನನಗೆ ವಿನಯದಿಂದ ದಾರಿ ತೋರಿಸಿದ: ‘ಎದುರಿಗೇ ಅಂಗಡಿ ಇದೆ, ಅಲ್ಲಿ ಮಾಡಿಸಿಕೊಳ್ಳಿ.’ ಅವನು ತೋರಿಸಿದ್ದು ಶಟರ್ ಎಳೆದಿದ್ದ ನನ್ನದೇ ಅಂಗಡಿಯನ್ನು! ಅದನ್ನು ದಾಟಿ, ಮುಂದಿನ ತಿರುವಿನ ಅಂಗಡಿಯಲ್ಲಿ ಸರತಿಯಲ್ಲಿ ನಿಂತು, 26 ಪ್ರತಿಗೆ 52 ರೂಪಾಯಿ ಕೊಟ್ಟು ತಂದೆ. ಆ ಅಂಗಡಿಯವನು ಏನೂ ಕೇಳಲಿಲ್ಲ, ಚಿಲ್ಲರೆ ಕೊಡುವಾಗ ಮುಖ ಮಾತ್ರ ಬೇರೆ ಕಡೆ ತಿರುಗಿಸಿದ.

ಮರಳಿ ಬಂದಾಗ ವ್ಯವಸ್ಥಾಪಕರು ಕೊಟೇಶನ್ ಓದಿದರು. ‘ಸೆಕೆಂಡ್ ಹ್ಯಾಂಡ್’ ಎಂಬ ಪದ ಕಂಡದ್ದೇ ಕಡತವನ್ನು ಮೇಜಿನ ಈಚೆಗೆ ತಳ್ಳಿದರು. ಹೊಸದರ ಕೊಟೇಶನ್ ತಂದರೆ 1,90,000 ಕೊಡಲು ಅಡ್ಡಿಯಿಲ್ಲವಂತೆ. 58,000 ತೀರಿಸುವ ಶಕ್ತಿ ನನಗಿಲ್ಲ, ಅದರ ಮೂರು ಪಟ್ಟು ತೀರಿಸುವ ಶಕ್ತಿ ಇದೆ! ಮೂರು ವರ್ಷದ ಸಾಲಕ್ಕೆ ಹಳೆಯದರ ಕಂತು ತಿಂಗಳಿಗೆ ಎರಡು ಸಾವಿರದ ಆಸುಪಾಸು, ಹೊಸದರದ್ದು ಆರು ಸಾವಿರದ ಮೇಲೆ. ಪ್ರತಿಗೆ ಒಂದು ರೂಪಾಯಿ ಉಳಿದರೆ ಹೆಚ್ಚು ಎನ್ನುವ ವ್ಯಾಪಾರ ಇದು.

ನಿರಾಕರಣೆಯನ್ನು ಬರೆದು ಕೊಡಿ ಎಂದೆ. ಸಾಲದ ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆಯಲ್ಲ. ಅವರು ನಕ್ಕರು: ‘ನಾನು ಅರ್ಜಿಯನ್ನೇ ತೆಗೆದುಕೊಂಡಿಲ್ಲವಲ್ಲ, ತಿರಸ್ಕರಿಸಿದ್ದೆಲ್ಲಿ?’ ಇಂಥ ತರ್ಕಕ್ಕೆ ಬಹುಮಾನವಿದ್ದರೆ ದಯವಿಟ್ಟು ಕೊಡಿಸಿ.

ಬ್ಯಾಂಕಿನವರ ಅಂಜಿಕೆಯಲ್ಲಿ ಹುರುಳೇ ಇಲ್ಲ ಎನ್ನುವುದಿಲ್ಲ. ಹಳೆಯ ಮಾಲಿನ ಬಿಲ್ಲನ್ನು ಹಿಗ್ಗಿಸಿ ಸಾಲ ಎತ್ತುವವರಿದ್ದಾರೆ. ಹಾಗಿದ್ದರೆ ಮೌಲ್ಯಮಾಪಕರ ಪ್ರಮಾಣಪತ್ರ ಕೇಳಲಿ, ಅದರ ಖರ್ಚು ನನ್ನದೇ ಇರಲಿ. ಬಳಸಿದ ಕಾರಿಗೆ ಬ್ಯಾಂಕುಗಳು ಸಾಲ ಕೊಡುತ್ತವೆ. ಕಾರು ಊರೂರು ತಿರುಗುತ್ತದೆ, ಎಲ್ಲಾದರೂ ಗುದ್ದುತ್ತದೆ. ನನ್ನ ಯಂತ್ರ ಮೂಲೆ ಬಿಟ್ಟು ಕದಲುವುದಿಲ್ಲ. ಮಳೆಗಾಲದಲ್ಲಿ ಕಾಗದ ಥಂಡಿ ಹಿಡಿದು ಒಳಗೆ ಸಿಕ್ಕಿಕೊಳ್ಳುವುದೇ ಅದರ ದೊಡ್ಡ ಅಪಘಾತ.

1928ರಲ್ಲಿ ನಮ್ಮ ಉಡುಪಿಯ ಸಿಂಡಿಕೇಟ್ ಬ್ಯಾಂಕು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ನನ್ನ ತಂದೆಯೂ ಪಿಗ್ಮಿ ಕಟ್ಟಿದವರೇ. ಈಗ ನನ್ನ ಬಾಗಿಲಿಗೂ ದಿನವೂ ಒಬ್ಬ ಬರುತ್ತಾನೆ, ಆದರೆ ಉಳಿತಾಯಕ್ಕಲ್ಲ. ಆ ಬಳಸಿದ ಯಂತ್ರ ಕೊಳ್ಳಲು ಖಾಸಗಿಯವರಿಂದ 60,000 ಎತ್ತಿದ್ದೇನೆ: 150 ದಿನ, ದಿನಕ್ಕೆ 500. ಒಟ್ಟು ಎಷ್ಟಾಯಿತೆಂದು ಬಜೆಟ್ ಮಂಡಿಸುವ ನಿಮಗೆ ನಾನು ಹೇಳಬೇಕಿಲ್ಲ.

ಮುದ್ರಾ ಯೋಜನೆ 2015ರಲ್ಲಿ ಬಂದಾಗ 10 ಲಕ್ಷವಿದ್ದ ಮಿತಿಯನ್ನು 2024ರ ಬಜೆಟ್ಟಿನಲ್ಲಿ, ಹಳೆಯ ಸಾಲ ಸರಿಯಾಗಿ ತೀರಿಸಿದವರಿಗೆ, 20 ಲಕ್ಷಕ್ಕೆ ಏರಿಸಿದಿರಿ. ಸಂತೋಷ. ನನಗೆ ಬೇಕಾದದ್ದು 58,000. ಬಳಸಿದ ಯಂತ್ರಕ್ಕೂ ಸಾಲ ಕೊಡಿ ಎಂದು ಒಂದು ಸುತ್ತೋಲೆ ಹೊರಡಿಸಿ. ಕೊಡದಿದ್ದರೆ ಕಾರಣವನ್ನು ಬರೆದು ಕೊಡಿ ಎಂದೂ ಅದರಲ್ಲೇ ಸೇರಿಸಿ. ಸುತ್ತೋಲೆ ಹೊರಡಿಸಿ ಎಂದು ಇನ್ನೊಮ್ಮೆ ಕೇಳುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಡೊಂಬಿವಲಿಯ ಒಬ್ಬ ಜೆರಾಕ್ಸ್ ಅಂಗಡಿಯವನು

ವಿ.ಸೂ.: ಈ ಪತ್ರದ ಒಂದು ಪ್ರತಿಯನ್ನು ಶಾಖಾ ವ್ಯವಸ್ಥಾಪಕರಿಗೂ ಕೊಡುತ್ತಿದ್ದೇನೆ. ಆ ಹಳೆಯ ಯಂತ್ರದಲ್ಲೇ ತೆಗೆದದ್ದು. ಅಕ್ಷರಗಳು ಸ್ಪಷ್ಟವಾಗಿ ಬಂದಿವೆ.