ಅರ್ಧ ಮಾತು ಅಚ್ಚು ಮಾಡಬೇಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಮೂಲೆಯಲ್ಲಿ ದಿನಾ ಒಂದು ಒಳ್ಳೆಯ ಮಾತು ಹಾಕುತ್ತೀರಿ. ನಾನು ಮೊದಲು ಓದುವುದೇ ಅದನ್ನು. ಹೋದ ವಾರ ಬೈಬಲ್ಲಿನ ಜ್ಞಾನೋಕ್ತಿಗಳಿಂದ ಒಂದು ಸಾಲು ಬಂದಿತ್ತು: ಮೂರ್ಖನಿಗೆ ಅವನ ಮೂರ್ಖತನಕ್ಕೆ ತಕ್ಕಂತೆ ಉತ್ತರ ಕೊಡಬೇಡ. ಅಷ್ಟೇ.

ಆ ಮಾತಿಗೆ ಇನ್ನರ್ಧ ಇದೆ ಸ್ವಾಮಿ: ಕೊಟ್ಟರೆ ನೀನೂ ಅವನ ಹಾಗೇ ಆಗುತ್ತೀಯ. ಅದರ ಕೆಳಗೇ, 26ನೇ ಅಧ್ಯಾಯದ 5ನೇ ವಚನ ಪೂರ್ತಿ ಉಲ್ಟಾ: ಮೂರ್ಖನಿಗೆ ತಕ್ಕ ಉತ್ತರ ಕೊಡು, ಇಲ್ಲದಿದ್ದರೆ ತಾನೇ ದೊಡ್ಡ ಜಾಣ ಅಂದುಕೊಳ್ಳುತ್ತಾನೆ. ಇದು ಮರೆತು ಆದದ್ದಲ್ಲ, ಬೇಕಂತಲೇ ಪಕ್ಕಪಕ್ಕ ಇಟ್ಟಿದ್ದಾರೆ ಅಂತ ನನಗನ್ನಿಸುತ್ತದೆ. ಎದುರಿಗೆ ನಿಂತವನು ಎಂಥವನು, ಹೊತ್ತು ಎಂಥದ್ದು, ನೋಡಿ ನೀನೇ ಆರಿಸಿಕೋ ಎಂದು ಓದುವವನಿಗೇ ಬಿಟ್ಟಿದ್ದಾರೆ. ನಾವೂ ಹೀಗೇ ಅಲ್ವಾ? ಮಾತು ಬೆಳ್ಳಿ ಮೌನ ಬಂಗಾರ ಎಂದ ಬಾಯಲ್ಲೇ ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತೇವೆ.

ಹಳೆಯ ಯೆಹೂದಿ ಜ್ಞಾನಿಗಳ ಮಾತು ಜೋಡೆತ್ತಿನ ಬಂಡಿ ಇದ್ದ ಹಾಗೆ. ಒಂದು ಸಾಲು ಹೇಳಿದ್ದನ್ನು ಇನ್ನೊಂದು ಬೇರೆ ಮಾತಲ್ಲಿ ಹೇಳುತ್ತದೆ, ಇಲ್ಲವೇ ತಿರುಗಿಸುತ್ತದೆ, ಇಲ್ಲವೇ ಒಂದು ಹೆಜ್ಜೆ ಮುಂದೆ ಒಯ್ಯುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುವುದರ ಕಟ್ಟು ಏನಿದೆಯೋ ಅದೇ. ಇಂಗ್ಲೆಂಡಿನ ಪಂಡಿತ ರಾಬರ್ಟ್ ಲೌತ್ ಇದನ್ನು ವಿವರಿಸಿ ಹೆಸರಿಟ್ಟ ಉಪನ್ಯಾಸಗಳು 1753ರಲ್ಲಿ ಅಚ್ಚಾದವು. ನಮ್ಮ ಅಜ್ಜಿಯರಿಗೆ ಹೆಸರು ಬೇಕಾಗಿರಲಿಲ್ಲ ಬಿಡಿ. ನನಗೆ ಬಹಳ ಇಷ್ಟವಾದದ್ದು 25ನೇ ಅಧ್ಯಾಯದ ಒಂದು ಮಾತು: ದಣಿದ ಜೀವಕ್ಕೆ ತಣ್ಣೀರು, ದೂರದ ನಾಡಿನಿಂದ ಒಳ್ಳೆಯ ಸುದ್ದಿ. ಹೀಬ್ರೂವಿನಲ್ಲಿ ನಡುವೆ "ಹಾಗೆ" ಎಂಬ ಪದವೇ ಇಲ್ಲ, ಎರಡನ್ನೂ ಸುಮ್ನೆ ಅಕ್ಕಪಕ್ಕ ಇಟ್ಟಿದ್ದಾರೆ. ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲಿ ಬಸ್ಸಿಳಿದು ಮನೆ ಸೇರಿ ಒಂದು ಚೊಂಬು ನೀರು ಕುಡಿದವರಿಗೆ, ಮಗ ದುಡಿಯಲು ದೂರ ಹೋಗಿದ್ದರಂತೂ, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥದ್ದರಲ್ಲಿ ಅರ್ಧ ಕತ್ತರಿಸಿದರೆ ಉಳಿಯುವುದು ಬರೀ ತಣ್ಣೀರು.

ಬೈಬಲ್ಲಿನದೇ ಯೋಬನ ಪುಸ್ತಕದಲ್ಲಿ ಇದು ಇನ್ನೂ ಫಜೀತಿ. ನಮ್ಮ ಬಳ್ಳಾರಿಯ ಕೌಲ್ ಬಜಾರಿನ ಒಂದು ಮನೆಯ ಕ್ಯಾಲೆಂಡರಿನಲ್ಲಿ ದೊಡ್ಡ ಅಕ್ಷರದಲ್ಲಿ ನೋಡಿದೆ: ನಿನ್ನ ಮೊದಲಿನ ಸ್ಥಿತಿ ಅಲ್ಪವಾಗಿದ್ದರೂ ಕೊನೆಯಲ್ಲಿ ಬಹಳ ಬೆಳೆಯುವಿ. ಕೇಳಲು ಚಂದ. ಆದರೆ ಅದನ್ನು ಹೇಳಿದವನು ಯೋಬನ ಗೆಳೆಯ ಬಿಲ್ದದ. ಮಕ್ಕಳನ್ನು ಕಳೆದುಕೊಂಡು ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕೂತ ಯೋಬನಿಗೆ, ನಿನ್ನ ಮಕ್ಕಳು ಪಾಪ ಮಾಡಿರಬೇಕು ಎಂದು ಆಗಷ್ಟೇ ಚುಚ್ಚಿದ ಪುಣ್ಯಾತ್ಮ! ಶುರುವಿನಲ್ಲೂ ಕೊನೆಯಲ್ಲೂ ಗದ್ಯದ ಕಥೆ, ನಡುವೆ ಮೂವರು ಗೆಳೆಯರು ಮತ್ತು ಯೋಬನ ಪದ್ಯದ ವಾದ, ಕೊನೆಗೆ 42ನೇ ಅಧ್ಯಾಯದಲ್ಲಿ ದೇವರೇ ಆ ಗೆಳೆಯರಿಗೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎಂದು ಬೈಯುತ್ತಾನೆ. ತಮಾಷೆ ಏನೆಂದರೆ ಕೊನೆಯಲ್ಲಿ ಯೋಬನಿಗೆ ಎಲ್ಲಾ ಎರಡರಷ್ಟು ಸಿಗುತ್ತದೆ, ಬಿಲ್ದದನ ಮಾತು ನಿಜವೂ ಆಗುತ್ತದೆ, ಆದರೂ ಅವನು ತಪ್ಪಿತಸ್ಥ. ಯಾರು ಯಾರಿಗೆ ಯಾವಾಗ ಹೇಳಿದರು ಎಂಬುದನ್ನು ಬಿಟ್ಟರೆ ಈ ಪುಸ್ತಕದಲ್ಲಿ ಏನೂ ಉಳಿಯಲ್ಲ.

ಲಂಡನ್ ಮಿಷನ್ನಿನ ಪಾದ್ರಿ ಜಾನ್ ಹ್ಯಾಂಡ್ಸ್ 1810ರಲ್ಲಿ ನಮ್ಮೂರಿಗೆ ಬಂದು, ಕನ್ನಡ ಕಲಿತು, ಬೈಬಲ್ ಅನುವಾದಕ್ಕೆ ಕೂತವರು. ಆ ಕೆಲಸ ನಡೆದ ಊರಿನವನು ಎಂಬ ಸಲಿಗೆಯಿಂದ ಕೇಳುತ್ತಿದ್ದೇನೆ. ಜ್ಞಾನೋಕ್ತಿ ಹಾಕಿದರೆ ಎರಡೂ ಸಾಲು ಹಾಕಿ. ಯೋಬನಿಂದ ತೆಗೆದರೆ ಮಾತಾಡಿದವನ ಹೆಸರು ಹಾಕಿ. ಜಾಗ ಸಾಲದಿದ್ದರೆ ರಾಶಿ ಭವಿಷ್ಯದಲ್ಲಿ ಎರಡು ಸಾಲು ಕಡಿಮೆ ಮಾಡಿ, ನನ್ನ ರಾಶಿಯದೇ ತೆಗೆದರೂ ತಕರಾರಿಲ್ಲ.

ಇಂತಿ,
ಒಬ್ಬ ಓದುಗ, ಬಳ್ಳಾರಿ